ಹಳ್ಳಿಗರ ದೈವ, ಇಂದಿನ ಬದುಕು

ಇಂಗ್ಲಿಷಿನಲ್ಲಿ ‘ಪೇಗನ್’ ಎಂಬುದೊಂದು ಮಾತಿದೆ. ನಿಘಂಟನ್ನು ತೆರೆದು ನೋಡಿದರೆ ವಿಗ್ರಹಾರಾಧಕ, ಬಹುದೇವತಾರಾಧಕ, ಅನ್ಯಧರ್ಮೀಯ ಎಂದೆಲ್ಲ ಅರ್ಥಗಳು ದೊರೆಯುತ್ತವೆ. ಅವೆಲ್ಲದರ ಹಿಂದೆ ತುಸು ತಿರಸ್ಕಾರದ ಧ್ವನಿಯೂ ಕೇಳುತ್ತದೆ. ಆದರೆ ಶಬ್ದದ ಮೂಲವನ್ನು ಅರಸಿಕೊಂಡು ಹೋದರೆ ಲ್ಯಾಟಿನ್ ಭಾಷೆಯ ‘ಪಾಗುಸ್’ ಎಂಬ ಮಾತು ಸಿಗುತ್ತದೆ. ಪಾಗುಸ್ ಎಂದರೆ ಹಳ್ಳಿಗಾಡು, ಸೀಮೆ. ‘ಪಾಗಾನುಸ್’ ಎಂದರೆ ಆ ಸೀಮೆಯಲ್ಲಿ ಬಾಳುವವ, ಹಳ್ಳಿಗ. ಕ್ರಿಸ್ತಶಕ 4ನೆಯ ಶತಮಾನದಲ್ಲಿ ರೋಮ್ ಸಾಮ್ರಾಜ್ಯದ ಕ್ರೈಸ್ತರು ತಮ್ಮ ಮತಕ್ಕೆ ಸೇರದವರನ್ನು ಈ ಹೆಸರಿನಿಂದ ಕರೆಯತೊಡಗಿದರು. ಹೀಗೆ ಊರ ಹೊಲಮನೆಗಳಿಗೆ ಅಂಟಿಕೊಂಡವನ ಹೆಸರೇ ಅಜ್ಞಾನಿಯ ಹೆಸರೂ ಆಯಿತು. ‘ಗಮಾರ’ ಎಂಬ ನಮ್ಮ ಮಾತಿಗೂ ಇಂಥದೇ ಗತಿ ಒದಗಿದೆ. ಗ್ರಾಮದಿಂದ ಹುಟ್ಟಿದ ಆ ಶಬ್ದ ಇಂದು ಬೈಗುಳವಾಗಿ ಉಳಿದಿದೆ.

ವಿಚಿತ್ರವೆಂದರೆ, ಹದಿನಾರು ಶತಮಾನಗಳ ಅನಂತರ ಅದೇ ಪಶ್ಚಿಮ ದೇಶಗಳಲ್ಲಿ ವಿದ್ಯಾವಂತರೇ ಈ ಹೆಸರನ್ನು ಅಭಿಮಾನದಿಂದ ಧರಿಸುತ್ತಿದ್ದಾರೆ. ಬ್ರಿಟನ್ನಿನಲ್ಲಿ ಮಾಟಗಾತಿಯರನ್ನು ಕುರಿತ ಹಳೆಯ ಕಾನೂನು 1951ರಲ್ಲಿ ರದ್ದಾಯಿತು. 1954ರಲ್ಲಿ ಜೆರಾಲ್ಡ್ ಗಾರ್ಡ್‌ನರ್ ಎಂಬವರು ತಮ್ಮ ಪುಸ್ತಕವನ್ನು ಪ್ರಕಟಿಸಿ ಈ ಪಂಥಕ್ಕೆ ಪ್ರಚಾರ ತಂದರು. ಐಸ್‌ಲ್ಯಾಂಡಿನಲ್ಲಿ ರೈತನೂ ಕವಿಯೂ ಆಗಿದ್ದ ಸ್ವೇನ್‌ಬ್ಯೋರ್ನ್ ಬೇಂತೇನ್‌ಸನ್ ಮುಂದಾಳಾಗಿ, ಅಲ್ಲಿಯ ಪುರಾತನ ದೇವತೆಗಳನ್ನು ಆರಾಧಿಸುವ ಸಂಘವೊಂದು 1972ರಲ್ಲಿ ಹುಟ್ಟಿ, ಮರುವರ್ಷವೇ ಸರಕಾರದ ಮನ್ನಣೆ ಪಡೆಯಿತು. ಸೂರ್ಯನ ಗತಿಯನ್ನು ಅನುಸರಿಸಿ ವರ್ಷಕ್ಕೆ ಎಂಟು ಹಬ್ಬಗಳನ್ನು ಆಚರಿಸುವುದು, ಗಿಡಮರಗಳ ನಡುವೆ ಮೌನವಾಗಿ ಕೂಡುವುದು, ತೀರಿಹೋದ ಹಿರಿಯರಿಗೆ ದೀಪ ಹಚ್ಚಿಡುವುದು ಮುಂತಾದ ಆಚರಣೆಗಳಿಂದ ದುಃಖ ಮತ್ತು ಒಂಟಿತನ ಪರಿಹಾರವಾಗುತ್ತವೆ ಎಂದು ಅವರಲ್ಲಿ ಅನೇಕರು ನಂಬುತ್ತಾರೆ. ಇದು ಪ್ರಾಚೀನ ಕಾಲದಿಂದ ಕಡಿಯದೆ ಬಂದ ಪರಂಪರೆಯಲ್ಲ, ಬಹುಮಟ್ಟಿಗೆ ಈಚಿನ ರಚನೆಯೆಂದು ಇತಿಹಾಸಕಾರ ರೊನಾಲ್ಡ್ ಹಟನ್ 1999ರ ತಮ್ಮ ಗ್ರಂಥದಲ್ಲಿ ತೋರಿಸಿಕೊಟ್ಟರು. ಅದರಿಂದ ಆ ಜನರ ಬಯಕೆ ಸುಳ್ಳಾಗುವುದಿಲ್ಲ. ತವರನ್ನು ಕಳೆದುಕೊಂಡವರು ಪುಸ್ತಕದಲ್ಲಿ ಓದಿ ತವರನ್ನು ಕಟ್ಟಿಕೊಳ್ಳುತ್ತಿದ್ದಾರೆ, ಅಷ್ಟೆ.

ನಮ್ಮ ಆಳಂದ, ಅಫಜಲಪುರ, ಜೇವರ್ಗಿ ಸೀಮೆಯವರಿಗೆ ಈ ಬಗೆಯ ಓದಿನ ಅಗತ್ಯ ಇನ್ನೂ ಬಂದಿಲ್ಲ. ಆಳಂದ ತಾಲೂಕಿನಲ್ಲಿ ಹುಟ್ಟುವ ಅಮರ್ಜಾ ಹೊಳೆ ಅಫಜಲಪುರ ತಾಲೂಕಿನ ಗಾಣಗಾಪುರದ ಬಳಿ ಭೀಮೆಯನ್ನು ಕೂಡುತ್ತದೆ. ಭೀಮೆ ಮುಂದೆ ಜೇವರ್ಗಿಯ ಎರೆಹೊಲಗಳ ಮಗ್ಗುಲಲ್ಲಿ ಹರಿಯುತ್ತದೆ. ಈ ಕಪ್ಪು ನೆಲದ ಪಂಚಾಂಗವನ್ನು ಮಣ್ಣೇ ಬರೆದಿದೆ. ಜ್ಯೇಷ್ಠದ ಹುಣ್ಣಿಮೆಗೆ ಎತ್ತುಗಳನ್ನು ಸಿಂಗರಿಸಿ ಕರಿ ಹರಿಯುವ ಕಾರಹುಣ್ಣಿಮೆ. ಅದರ ಬೆನ್ನಿಗೇ ಮಣ್ಣೆತ್ತಿನ ಅಮಾವಾಸ್ಯೆ. ಶ್ರಾವಣಕ್ಕೆ ನಾಗಪ್ಪನ ಹುತ್ತ. ಭಾದ್ರಪದಕ್ಕೆ ಬುಟ್ಟಿಯಲ್ಲಿ ಕುಳಿತು ಮನೆಮನೆಗೆ ಬರುವ ಜೋಕುಮಾರ. ಇವುಗಳಲ್ಲಿ ಪೂಜೆಗೊಳ್ಳುವ ಮೂರ್ತಿಗಳು ಹೆಚ್ಚಾಗಿ ಕೆರೆಯ ಮಣ್ಣಿನವು. ಪೂಜೆ ಮುಗಿದ ಮೇಲೆ ಅವು ಮರಳಿ ಮಣ್ಣೇ ಆಗುತ್ತವೆ. ಟ್ರ್ಯಾಕ್ಟರು ಬಂದ ಮೇಲೆ ಕೊಟ್ಟಿಗೆಯಲ್ಲಿ ಎತ್ತುಗಳಿಲ್ಲದ ಮನೆಗಳೇ ಹೆಚ್ಚು. ಆದರೂ ಆ ಮನೆಗಳ ಮಕ್ಕಳು ಆಷಾಢದ ಹೊಸ್ತಿಲಲ್ಲಿ ಮಣ್ಣಿನ ಜೋಡೆತ್ತು ಮಾಡುತ್ತಾರೆ.

ಆದರೆ ಈ ಸೀಮೆಯ ನಿಜವಾದ ಹಬ್ಬ ಮಾರ್ಗಶಿರದ ಎಳ್ಳಮಾವಾಸ್ಯೆ. ನೆರೆಯ ಲಾತೂರ, ಉಸ್ಮಾನಾಬಾದ ಸೀಮೆಯ ಮರಾಠಿ ರೈತರೂ ಇದನ್ನು ‘ವೇಳ ಅಮಾವಾಸ್ಯೆ’ ಎಂದು ಆಚರಿಸುತ್ತಾರೆ. ಅಂದು ಕಲಬುರಗಿ ನಗರದ ಅಂಗಡಿಬೀದಿಗಳು ಯಾರೂ ಕರೆಕೊಡದ ಬಂದ್ ಆಚರಿಸುತ್ತವೆ. ನೌಕರಿಯವರು, ವಕೀಲರು, ಪುಣೆ ಮುಂಬಯಿಗಳಿಗೆ ದುಡಿಯಲು ಹೋದವರು, ಎಲ್ಲರೂ ಯಾವುದೋ ಒಂದು ಹೊಲದ ಬದುವಿನ ಮೇಲಿರುತ್ತಾರೆ. ಜೋಳ ತೆನೆ ತುಂಬಿಕೊಳ್ಳುವ, ಕಡಲೆ ಹೂಕಾಯಿ ಕಟ್ಟುವ, ತೊಗರಿ ಮಾಗುವ ಹೊತ್ತು ಅದು. ಹೊಲದಲ್ಲಿ ಐದು ಕಲ್ಲುಗಳನ್ನಿಟ್ಟು ಪಾಂಡವರೆಂದು ಪೂಜಿಸುತ್ತಾರೆ. ವನವಾಸದಲ್ಲಿ ನೆಲೆ ತಪ್ಪಿ ಅಲೆದವರನ್ನು ಬೆಳೆಯ ಕಾವಲಿಗೆ ಕರೆದು ಕೂಡಿಸುವ ಈ ಕಲ್ಪನೆ ನನಗೆ ಬಹಳ ಹಿಡಿಸಿದೆ. ಬಳಿಕ ಕಡುಬು, ಸಜ್ಜಿರೊಟ್ಟಿ, ಭಜ್ಜಿ, ಅಂಬಲಿಗಳ ಚರಗವನ್ನು ಬೆಳೆಯ ನಡುವೆ ನಾಲ್ಕೂ ದಿಕ್ಕಿಗೆ ಕೂಗುತ್ತ ಚೆಲ್ಲುತ್ತಾರೆ. ಹಕ್ಕಿಗೆ, ಹುಳಕ್ಕೆ, ಇರುವೆಗೆ, ಇಲಿಗೆ, ಕಾಣದ ಪ್ರಾಣಕ್ಕೆ ಅನ್ನ ಮುಟ್ಟಿದ ಮೇಲೆಯೇ ಮನುಷ್ಯ ಉಣಬೇಕು. ಭೂಮಿ ಇಲ್ಲಿ ತುಂಬು ಬಸುರಿ. ಚರಗವು ಆಕೆಯ ಬಯಕೆಯ ಊಟ. ಇದನ್ನು ಯಾವ ಶಾಸ್ತ್ರಿಯೂ ಬಂದು ನಡೆಸಿಕೊಡಬೇಕಾಗಿಲ್ಲ. ಮಂತ್ರವಿಲ್ಲ, ದಕ್ಷಿಣೆಯಿಲ್ಲ, ಗುಡಿಯೂ ಇಲ್ಲ.

ಈ ಊಟದ ಭಜ್ಜಿಯನ್ನು ಕುರಿತು ಒಂದು ಮಾತು ಹೇಳಲೇಬೇಕು. ಅದು ಎಣ್ಣೆಯಲ್ಲಿ ಕರಿದ ಭಜಿಯಲ್ಲ. ಹಸಿ ತೊಗರಿ, ಹಸಿ ಕಡಲೆ, ಅವರೆ, ಬಟಾಣಿ, ಬದನೆ, ಮೆಂತ್ಯ, ಇನ್ನೂ ಹಲವು ಕಾಯಿಪಲ್ಲೆಗಳನ್ನು ಒಟ್ಟಿಗೆ ಬೇಯಿಸಿ ಮಾಡುವ ಪಲ್ಯ. ಹಿಂದೆ ಇವು ಬಹುಪಾಲು ಒಂದೇ ಹೊಲದಲ್ಲಿ ಸಿಗುತ್ತಿದ್ದವು. ಸಾಲಿನ ನಡುವೆ ಸಾಲು ಬಿತ್ತುವ ಅಕ್ಕಡಿ ಬೇಸಾಯ ಇದ್ದುದೇ ಅದಕ್ಕೆ ಕಾರಣ. ಈಗ ಇಡೀ ಸೀಮೆಯೇ ತೊಗರಿಯದಾಗಿದೆ. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆತಿದೆ, ಸಂತೋಷದ ಸಂಗತಿಯೇ. ಆದರೆ ಹಬ್ಬದ ಹಿಂದಿನ ದಿನ ಹೊಲದ ಒಡತಿಯೇ ಭಜ್ಜಿಯ ಸಾಮಗ್ರಿಗಾಗಿ ಪೇಟೆಗೆ ಹೋಗಬೇಕಾಗಿದೆ. ತೊಗರಿಯನ್ನು ಒಣಗಿಸುವ ನೆಟೆರೋಗದ ಶಿಲೀಂಧ್ರ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಅದೇ ನೆಲದಲ್ಲಿ ಅದೇ ಬೆಳೆಯನ್ನು ಮತ್ತೆ ಮತ್ತೆ ಬಿತ್ತಿದರೆ ಬಲಿಯುತ್ತದೆ. ಜೋಳದೊಡನೆ ಬೆರೆಸಿ ಬಿತ್ತಿದರೆ ತಗ್ಗುತ್ತದೆ. ಇದು ಕೃಷಿವಿಜ್ಞಾನಿಗಳ ಮಾತು. ಹಬ್ಬದ ಗಡಿಗೆ ಬೇಡುವುದೂ ಇದನ್ನೇ ಅಲ್ಲವೆ? ಪೂರ್ವಜರು ಶಿಲೀಂಧ್ರವನ್ನು ಅರಿತಿದ್ದರೆಂದು ನಾನು ಹೇಳುವುದಿಲ್ಲ. ಆ ಬಗೆಯ ಹೆಗ್ಗಳಿಕೆ ನನಗೆ ಸೇರದು. ಒಂದೇ ಬೆಳೆಯ ಹೊಲದಲ್ಲಿ ಆ ಭಜ್ಜಿ ಆಗುವುದಿಲ್ಲ ಎಂಬಷ್ಟನ್ನೇ ಹೇಳುತ್ತಿದ್ದೇನೆ.

2022ರ ಡಿಸೆಂಬರಿನಲ್ಲಿ ಈ ನೆಟೆರೋಗ ನಮ್ಮ ಜಿಲ್ಲೆಯನ್ನು ಬಹಳವಾಗಿ ಕಾಡಿತು. ಎರಡು ವರ್ಷ ಹಿಂದೆ, 2020ರ ಅಕ್ಟೋಬರಿನಲ್ಲಿ, ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿಗಳ ನದಿದಂಡೆಯ ಹೊಲಗಳನ್ನು ನುಂಗಿದ್ದ ನೆನಪು ಇನ್ನೂ ಹಸಿಯಾಗಿತ್ತು. ಆ ಎಳ್ಳಮಾವಾಸ್ಯೆಯಂದು ಪರಿಚಯದ ರೈತರೊಬ್ಬರು ನನ್ನನ್ನು ತಮ್ಮ ಹೊಲಕ್ಕೆ ಕರೆದಿದ್ದರು. ಹೋಗಿ ನೋಡಿದರೆ ಕಾಯಿ ಕಟ್ಟಬೇಕಾದ ಗಿಡಗಳು ನಿಂತಲ್ಲೇ ಒಣಗಿ ಕಡ್ಡಿಯಾಗಿವೆ. ಸಾಲ ಇತ್ತೆಂಬುದು ನನಗೆ ಗೊತ್ತಿತ್ತು. ಅಂಥ ಹೊಲದಲ್ಲಿಯೇ ಅವರು ತಲೆಗೆ ಪಟಗ ಸುತ್ತಿಕೊಂಡು, ಹೆಂಡತಿ ಮಕ್ಕಳೊಡನೆ ಸುತ್ತು ಬಂದು, ಒಣಗಿದ ಗಿಡಗಳ ಬುಡಕ್ಕೂ ಚರಗ ಚೆಲ್ಲಿದರು. ನಾನು ಏನೂ ಕೇಳಿರಲಿಲ್ಲ. ನನ್ನ ಮುಖ ನೋಡಿ ಅವರೇ ಹೇಳಿದರು: “ಬೆಳಿ ಹೋತ್ರಿ ಸರ, ಭೂಮಿ ಎಲ್ಲಿ ಹೋಗ್ಯಾದ? ಆಕಿಗಿ ಉಣಸದ ನಾವ್ ಹ್ಯಾಂಗ ಉಣ್ಣಬೇಕ್ರಿ?”

ಈ ಮಾತಿನಿಂದ ಸಾಲ ತೀರಲಿಲ್ಲ, ಗಿಡ ಚಿಗುರಲಿಲ್ಲ. ಆದರೂ ಅಂದು ನಡೆದುದು ಸಣ್ಣ ಕೆಲಸವೆಂದು ನನಗೆ ತೋರುವುದಿಲ್ಲ. ಬೆಳೆ ಕೆಟ್ಟ ರೈತ ಮೊದಲು ಮಾಡುವುದು ಹೊಲಕ್ಕೆ ಹೋಗುವುದನ್ನು ಬಿಡುವುದು, ಆಮೇಲೆ ಜನರ ನಡುವೆ ಕೂಡುವುದನ್ನು, ಆಮೇಲೆ ಊಟವನ್ನು. ಹಬ್ಬವು ಈ ಮೂರನ್ನೂ ಅವರಿಂದ ಬಲವಂತವಾಗಿ ಮಾಡಿಸಿತು. ಸೋತ ನೆಲವನ್ನು ಕಣ್ಣಾರೆ ನೋಡಿಸಿತು, ಬಂಧುಗಳನ್ನು ಸುತ್ತ ಕೂಡಿಸಿತು, ಕೊಡುವ ಸ್ಥಾನದಲ್ಲಿ ಅವರನ್ನು ನಿಲ್ಲಿಸಿತು. ಕಳೆದುಕೊಂಡವನು ಕೊಡುವವನಾಗಿ ನಿಲ್ಲುವುದರಲ್ಲಿ ಏನೋ ಒಂದು ಚೇತರಿಕೆ ಇದೆ. ಈ ನಾಡಿನವರಿಗೆ ಇದು ಹೊಸದಲ್ಲ. 18ನೆಯ ಶತಮಾನದಲ್ಲಿ ಅರಳಗುಂಡಗಿಯಲ್ಲಿ ಹುಟ್ಟಿ ಕಲಬುರಗಿಯಲ್ಲಿ ನೆಲೆಸಿದ ಶರಣಬಸವೇಶ್ವರರು ತಮ್ಮ ಹೊಲಕ್ಕೆ ಬಂದ ಹಕ್ಕಿಗಳನ್ನು ಓಡಿಸದೆ, ತಿಂದ ಮೇಲೆ ಕುಡಿಯಲು ನೀರನ್ನೂ ಇರಿಸುತ್ತಿದ್ದರೆಂಬ ಕಥೆಯನ್ನು ನಮ್ಮ ಕಡೆಯ ಮಕ್ಕಳು ತೊಟ್ಟಿಲಲ್ಲೇ ಕೇಳಿರುತ್ತಾರೆ.

ಇಲ್ಲಿ ಒಂದು ಆಕ್ಷೇಪವನ್ನು ನಾನೇ ಎತ್ತಬೇಕು. ನಾನು ಬಾಳೆಲ್ಲ ವಚನಸಾಹಿತ್ಯವನ್ನು ಪಾಠ ಹೇಳಿದವನು. ಮಡಕೆ ಮೊರಗಳನ್ನೂ ಮಾರಿ ಮಸಣಿಯರನ್ನೂ ದೇವರೆನ್ನುವುದನ್ನು ಬಸವಣ್ಣನವರು ಎಷ್ಟು ಕಟುವಾಗಿ ಹಾಸ್ಯ ಮಾಡಿದ್ದಾರೆಂಬುದು ನನ್ನ ವಿದ್ಯಾರ್ಥಿಗಳೆಲ್ಲರಿಗೂ ಗೊತ್ತು. ಅಫಜಲಪುರ ತಾಲೂಕಿನ ಬಿದನೂರಿನಲ್ಲಿ ಹುಟ್ಟಿ, ಹಿಂದೆ ಜೇವರ್ಗಿ ತಾಲೂಕಿಗೆ ಸೇರಿದ್ದ ಕಡಕೋಳದಲ್ಲಿ ನೆಲೆಸಿದ ತತ್ತ್ವಪದಕಾರ ಮಡಿವಾಳಪ್ಪನವರೂ ಡಾಂಭಿಕ ಆಚಾರಗಳನ್ನು ಬಿಡದೆ ಝಾಡಿಸಿದವರೇ. ಹಾಗಾದರೆ ಹೊಲದ ಕಲ್ಲನ್ನು ಹೊಗಳುವುದು ಶರಣರಿಗೆ ಬೆನ್ನು ತಿರುಗಿಸಿದಂತಲ್ಲವೆ? ನನಗೆ ಹಾಗನ್ನಿಸುವುದಿಲ್ಲ. ಶರಣರು ಖಂಡಿಸಿದ್ದು ಭಯವನ್ನು, ಭಯವನ್ನೇ ಬಂಡವಾಳ ಮಾಡಿಕೊಂಡವರನ್ನು, ದೇವರೊಡನೆ ನಡೆಸುವ ವ್ಯಾಪಾರವನ್ನು. ಚರಗದಲ್ಲಿ ಇವು ಮೂರೂ ಇಲ್ಲ. ದುಡಿದದ್ದನ್ನು ತಾನೊಬ್ಬನೇ ಉಣ್ಣದೆ ಹಂಚುವ ದಾಸೋಹಕ್ಕೂ ಉಣ್ಣುವ ಮುನ್ನ ಇರುವೆಗೆ ಚೆಲ್ಲುವ ತುತ್ತಿಗೂ ನಂಟು ದೂರದ್ದಲ್ಲ. ಭಯ ಎಲ್ಲಿದೆಯೋ ಅಲ್ಲಿ ಶರಣರ ಚಾಟಿ ಇಂದಿಗೂ ಬೇಕು. ಹೆಣ್ಣುಮಕ್ಕಳನ್ನು ದೇವಿಯ ಹೆಸರಿನಲ್ಲಿ ಬಿಡುವ ಪದ್ಧತಿಯನ್ನು ನಿಲ್ಲಿಸಲು 1982ರ ಕಾನೂನೇ ಬರಬೇಕಾಯಿತು. ಅಮಾನವೀಯ ಆಚರಣೆಗಳನ್ನೂ ವಾಮಾಚಾರವನ್ನೂ ತಡೆಯುವ ಕಾನೂನು 2017ರಲ್ಲಿ ಬಂದಿತು. ಹಳೆಯದೆಂಬ ಒಂದೇ ಕಾರಣಕ್ಕೆ ಯಾವುದೂ ಪವಿತ್ರವಾಗುವುದಿಲ್ಲ.

ಮನಸ್ಸಿನ ಬೇನೆಯ ವಿಷಯದಲ್ಲಂತೂ ಈ ವಿವೇಕ ಹೆಚ್ಚು ಬೇಕು. ಗಾಣಗಾಪುರ ದತ್ತಾತ್ರೇಯ ಸಂಪ್ರದಾಯದ ದೊಡ್ಡ ಕ್ಷೇತ್ರ, ನರಸಿಂಹ ಸರಸ್ವತಿಗಳ ಸ್ಥಾನ. ಅದನ್ನು ಗ್ರಾಮದೈವಗಳ ಸಾಲಿಗೆ ಸೇರಿಸಲಾಗದು. ಆದರೆ ಗಾಳಿ ಸೋಕಿತು, ಬುದ್ಧಿ ಕದಡಿತು ಎಂದು ದೂರದೂರದಿಂದ ಜನ ತಮ್ಮವರನ್ನು ಕರೆತರುವುದೂ ಅಲ್ಲಿಗೆ. ಅವರು ದಿನಗಟ್ಟಲೆ ತಂಗಿ ಸಂಗಮದಲ್ಲಿ ಮಿಂದು, ಐದು ಮನೆಗಳಲ್ಲಿ ಮಧುಕರಿ ಬೇಡಿ ಉಣ್ಣುತ್ತಾರೆ. ಇದರಿಂದ ಗುಣ ಸಿಕ್ಕೀತೇ ಎಂಬ ಪ್ರಶ್ನೆಗೆ ತಮಿಳುನಾಡಿನ ಒಂದು ಅಧ್ಯಯನ ಸ್ವಲ್ಪ ಬೆಳಕು ಚೆಲ್ಲುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ಅಲ್ಲಿಯ ಮುತ್ತುಸ್ವಾಮಿ ಗುಡಿಯಲ್ಲಿ ತಂಗಿದ್ದ 31 ರೋಗಿಗಳನ್ನು ಪರೀಕ್ಷಿಸಿ 2002ರಲ್ಲಿ ವರದಿ ಪ್ರಕಟಿಸಿದರು. ಸರಾಸರಿ 6 ವಾರಗಳ ವಾಸದಲ್ಲಿ ರೋಗಲಕ್ಷಣಗಳ ಅಳತೆ ಸುಮಾರು ಶೇಕಡಾ 20ರಷ್ಟು ಇಳಿದಿತ್ತು. ಅಲ್ಲಿ ವಿಶೇಷ ಚಿಕಿತ್ಸೆಯೇನೂ ನಡೆದಿರಲಿಲ್ಲ. ಮನೆಯವರು ಜೊತೆಗಿದ್ದರು, ಯಾರೂ ಹೀಯಾಳಿಸಲಿಲ್ಲ, ಗುಡಿಯ ಅಂಗಳ ಗುಡಿಸುವ, ಗಿಡಕ್ಕೆ ನೀರುಣಿಸುವ ಹಗುರ ಕೆಲಸಗಳಿದ್ದವು.

ಅದೇ ತಮಿಳುನಾಡಿನ ಏರ್ವಾಡಿಯಲ್ಲಿ 2001ರ ಆಗಸ್ಟ್ 6ರಂದು ಏನಾಯಿತೆಂಬುದನ್ನೂ ಇದರ ಪಕ್ಕದಲ್ಲಿಯೇ ನೆನೆಯಬೇಕು. ಮನೋರೋಗಿಗಳನ್ನು ಇರಿಸಿಕೊಂಡಿದ್ದ ಖಾಸಗಿ ತಾಣವೊಂದಕ್ಕೆ ಬೆಂಕಿ ಬಿದ್ದಾಗ, ಸರಪಳಿಗಳಿಂದ ಬಿಗಿದಿದ್ದವರು ಓಡಲಾಗದೆ 28 ಜನ ಪ್ರಾಣ ಕಳೆದುಕೊಂಡರು. 2017ರ ಮಾನಸಿಕ ಆರೋಗ್ಯ ಕಾಯಿದೆ ರೋಗಿಯನ್ನು ಸರಪಳಿಯಲ್ಲಿ ಕಟ್ಟುವುದನ್ನು ಸಂಪೂರ್ಣವಾಗಿ ನಿಷೇಧಿಸಿದೆ. ನಮ್ಮ ಕರ್ನಾಟಕದಲ್ಲಿಯೇ, ಬಳ್ಳಾರಿಯಲ್ಲಿ, 1985ರಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗದಿಂದ ಜಿಲ್ಲಾ ಮಾನಸಿಕ ಆರೋಗ್ಯ ಯೋಜನೆ ರೂಪುಗೊಂಡಿತು. 1996ರಿಂದ ಅದು ದೇಶಕ್ಕೆಲ್ಲ ಹಬ್ಬಿತು. 14416 ಎಂಬ ಸಂಖ್ಯೆಗೆ ಫೋನ್ ಮಾಡಿದರೆ ಟೆಲಿ ಮಾನಸ್ ಸೇವೆಯವರು ಕನ್ನಡದಲ್ಲಿಯೇ ಮಾತಾಡಿಸುತ್ತಾರೆ. ದೇವರ ಬಳಿಗೆ ಹೋಗುವವರು ಹೋಗಲಿ. ವೈದ್ಯರು ಕೊಟ್ಟ ಗುಳಿಗೆಯನ್ನು ಚೀಲದಲ್ಲಿಟ್ಟುಕೊಂಡು ಹೋಗಲಿ. ಸೋತ ಮನಸ್ಸಿಗೆ ಹಬ್ಬ ಹೆಗಲು ಕೊಡಬಲ್ಲುದು. ಬುದ್ಧಿಯ ರೋಗಕ್ಕೆ ಅದು ಮದ್ದಲ್ಲ.

ಇನ್ನು ಉಳಿದ ಒಂದು ಮಾತು ಭೂಮಿ ಇಲ್ಲದವರದು. ಚರಗ ಚೆಲ್ಲಲು ಹೊಲ ಬೇಕಷ್ಟೆ. ಈ ಸೀಮೆಯಲ್ಲಿ ಕಳೆ ತೆಗೆದು, ಕೊಯ್ದು, ರಾಶಿ ಮಾಡುವ ಕೈಗಳಲ್ಲಿ ಎಷ್ಟಕ್ಕೆ ಸ್ವಂತ ಹೊಲವಿದೆ? ಭೂಮಿತಾಯಿಯ ಹಬ್ಬ ಭೂಮಾಲೀಕರ ಹಬ್ಬವಾಗುವ ಅಪಾಯ ಇದರಲ್ಲಿ ಇದ್ದೇ ಇದೆ. ಕೂಲಿಯವರನ್ನೂ ನೆರೆಯವರನ್ನೂ ಅಂದು ಹೊಲಕ್ಕೆ ಕರೆದು ಉಣಿಸುವ ರೂಢಿ ಹಲವು ಹಳ್ಳಿಗಳಲ್ಲಿ ಈಗಲೂ ನಡೆದಿದೆ. ಆದರೆ ಕರೆಸಿಕೊಂಡು ಉಣ್ಣುವುದು ಬೇರೆ, ತಾನೇ ಚೆಲ್ಲುವುದು ಬೇರೆ. ಜೇವರ್ಗಿಯ ಕಡೆಯ ಹಳ್ಳಿಯೊಂದರಲ್ಲಿ ಮುದುಕಿಯೊಬ್ಬಳು ತಾನು ಕೂಲಿ ಮಾಡುವ ಹೊಲದ ಬದುವಿಗೆ ಮನೆಯಿಂದಲೇ ತನ್ನ ಪಾಲಿನ ಕಡುಬು ತಂದು ಚೆಲ್ಲುವುದನ್ನು ನಾನು ಕಂಡಿದ್ದೇನೆ. ಒಡೆಯರ ಮನೆಯವರು ಬೇಡವೆನ್ನಲಿಲ್ಲ. ಈಗ ಜಮೀನನ್ನು ಲಾವಣಿಗೆ ಹಾಕಿ ಪಟ್ಟಣ ಸೇರಿದವರು ಹೆಚ್ಚುತ್ತಿದ್ದಾರೆ. ಅಂಥ ಹೊಲಗಳಲ್ಲಿ ಎಳ್ಳಮಾವಾಸ್ಯೆಯ ದಿನ ಐದು ಕಲ್ಲುಗಳನ್ನು ತೊಳೆದಿಟ್ಟು ಚರಗ ಚೆಲ್ಲುತ್ತಿರುವವರು ಪಾಲಿಗೆ ಮಾಡುವ ಬಡವರೇ. ಒಡೆಯರು ಮಧ್ಯಾಹ್ನದ ಹೊತ್ತಿಗೆ ಕಾರಿನಲ್ಲಿ ಬಂದು ಅವರ ಪಂಕ್ತಿಯಲ್ಲಿ ಊಟಕ್ಕೆ ಕೂಡುತ್ತಾರೆ.