ಮೀಸೆ ಯಾರ ಮುಂದೆ?

(ತಾಲ್ಲೂಕು ಸಭೆಯಲ್ಲಿ ಆಡಿದ ಮಾತು)



ಇವತ್ತು ನಾವು ಜಮೀನ್ದಾರನ ಬಗ್ಗೆ ಮಾತಾಡೋದಿಲ್ಲ. ಅವನ ಬಗ್ಗೆ ಬೇಕಾದಷ್ಟು ಆಡಿದ್ದೇವೆ. ಇವತ್ತು ನಮ್ಮ ಬಗ್ಗೆ, ಅಂದರೆ ಮುಂದಿನ ಜಮಖಾನದ ಮೇಲೆ ಕೂತಿರೋ ಗಂಡಸರ ಬಗ್ಗೆ.

ಮೀಸೆ ಬಿಟ್ಟನೆಂದು, ಚಪ್ಪಲಿ ಮೆಟ್ಟಿ ಊರೊಳಗೆ ನಡೆದನೆಂದು ನಮ್ಮ ಹುಡುಗರನ್ನು ಬಡಿದಿದ್ದಾರೆ. ಹಾಗಾಗಿ ಮೀಸೆ ನಮಗೆ ಸ್ವಾಭಿಮಾನದ ಗುರುತು, ಒಪ್ಪೋಣ. ಆದರೆ ಗೌಡರ ಜಗಲಿ ಮುಂದೆ ಇಳಿದುಹೋಗುವ ಅದೇ ಮೀಸೆ, ನಮ್ಮ ಮನೆ ಹೊಸಲು ದಾಟಿದ ಕೂಡಲೆ ನೆಟ್ಟಗಾಗೋದು ಹೇಗೆ? ಹಗಲೆಲ್ಲ ನುಂಗಿದ ಅವಮಾನವನ್ನು ರಾತ್ರಿ ಹೆಂಡತಿ ಬೆನ್ನ ಮೇಲೆ ಇಳಿಸ್ತೀವಿ. ಅವಳೂ ಅದೇ ಗೌಡನ ಗದ್ದೆಯಲ್ಲಿ ಬಗ್ಗಿ ನಾಟಿ ಹಾಕಿ ಬಂದಿರ್ತಾಳೆ, ನಮಗಿಂತ ಕಡಿಮೆ ಕೂಲಿಗೆ. ಅವಳು ನುಂಗಿದ್ದನ್ನು ಯಾರ ಮೇಲೆ ಇಳಿಸಬೇಕು?

ತಪ್ಪೆಲ್ಲ ಸಾರಾಯಿಯದು ಅಂತಿದ್ದೆವು. 2007ರಲ್ಲಿ ಸರ್ಕಾರ ಸಾರಾಯಿ ನಿಲ್ಲಿಸಿತು. ಏಟು ನಿಂತವೇ?

ಬಾಬಾಸಾಹೇಬರ ಫೋಟೋಗೆ ಹಾರ ಹಾಕೋದರಲ್ಲಿ ನಾವು ಮುಂದು. 1942ರ ಜುಲೈನಲ್ಲಿ ನಾಗಪುರದಲ್ಲಿ ಸಾವಿರಾರು ದಲಿತ ಹೆಂಗಸರು ಸೇರಿದ್ದಾಗ, ಮದುವೆಯಾದವಳು ಗಂಡನಿಗೆ ಗೆಳತಿಯಾಗಿ ಸರಿಸಮ ನಿಲ್ಲಬೇಕು, ಅವನ ಆಳಾಗಕೂಡದು ಅಂತ ಅವರು ಹೇಳಿದರು. ಹೆಂಗಸರಿಗೆ ಆಸ್ತಿಯ ಹಕ್ಕು, ವಿಚ್ಛೇದನದ ಹಕ್ಕು ಕೊಡುವ ಹಿಂದೂ ಸಂಹಿತೆ ಮಸೂದೆಯನ್ನು ಮೂಲೆಗೆ ತಳ್ಳಿದ್ದು, 1951ರಲ್ಲಿ ಅವರು ಮಂತ್ರಿ ಪದವಿ ಬಿಟ್ಟುಬಂದದ್ದಕ್ಕೆ ಒಂದು ಮುಖ್ಯ ಕಾರಣ. ಇಲ್ಲಿ ನಾವು ಸಂಘದ ಕಾರ್ಯದರ್ಶಿ ಕುರ್ಚಿ ಬಿಡೋಕೂ ತಯಾರಿಲ್ಲ.

ಹೋದ ತಿಂಗಳು ಮೀಟಿಂಗಿಗೆ ಬಂದಳೆಂದು ನಮ್ಮ ಕೇರಿಯಲ್ಲೇ ಒಬ್ಬ ಹೆಂಡತಿಯ ಕೈ ಮುರಿದ. ಹೊಡೆದವನು ನಮ್ಮವನೇ, ಹೋರಾಟದ ಹಾಡು ಚೆನ್ನಾಗಿ ಹಾಡ್ತಾನೆ. ನಾವು ಪಂಚಾಯ್ತಿ ಕೂತೆವು. ಏನಂದೆವು? 'ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ.' (ಈ ಗಾದೆ ಕಟ್ಟಿದೋನು ಗಂಡಸೇ ಇರಬೇಕು.) ನಮ್ಮ ಮೇಲೆ ಹಲ್ಲೆಯಾದಾಗ ಊರಿನೋರು 'ಇದು ನಮ್ಮೂರ ಒಳಗಿನ ವಿಚಾರ, ಪೊಲೀಸು ಯಾಕೆ' ಅಂದರೆ ನಮಗೆ ಮೈಯೆಲ್ಲ ಉರೀತದೆ. ಅದೇ ಮಾತನ್ನು ನಾವು ಆಯಮ್ಮನಿಗೆ ಹೇಳಿ ಕಳಿಸಿದೆವು. ಇವತ್ತು ಆಯಮ್ಮ ಸಭೆಗೆ ಬಂದಿಲ್ಲ.

ಅದಕ್ಕೆ ಒಂದು ನಿರ್ಣಯ ತಂದಿದ್ದೇವೆ. ಹೆಂಡತಿ ಮೇಲೆ ಕೈ ಮಾಡಿದವನು ಸಂಘದ ಯಾವ ಪದವಿಯಲ್ಲೂ ಇರಕೂಡದು. ದೂರು ಬಂದರೆ ಹೆಂಗಸರೇ ಕೂತು ವಿಚಾರಿಸಬೇಕು. ಆಕೆ ಬಯಸಿದರೆ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ದೂರು ಕೊಡೋಕೆ ನಾವು ಜತೆಗೆ ಹೋಗಬೇಕು. ಮೊದಲ ವಿಚಾರಣೆ ಹೋದ ತಿಂಗಳಿನದೇ.

ಊಟಕ್ಕೆ ಮುಂಚೆ ಕೈ ಎತ್ತಬೇಕು. ಒಲೆ ಹತ್ತಿರ ಇರೋ ಅಕ್ಕಂದಿರನ್ನು ಕರೀರಿ, ಅವರ ಕೈಯೂ ಎಣಿಕೆಗೆ ಬೇಕು. ಬಡಿಸೋ ಕೆಲಸ ಇವತ್ತು ನಾವು ನೋಡ್ಕೊಳ್ತೀವಿ.