ಎಕರೆಯೊಳಗಿನ ನೇಗಿಲು



ಬೆಂಗಳೂರಿನ ವೈಟ್‌ಫೀಲ್ಡ್ ಎಂದರೆ ಬಿಳಿಯ ಬಯಲಲ್ಲ, ಅದು ಆಂಗ್ಲೋ-ಇಂಡಿಯನ್ ಮುಖಂಡ ಡಿ.ಎಸ್. ವೈಟ್ ಎಂಬವರ ಹೆಸರು. ಆಂಗ್ಲೋ-ಇಂಡಿಯನ್ ಕುಟುಂಬಗಳು ಬೇಸಾಯ ಮಾಡಿ ಬಾಳಲಿ ಎಂದು ಮಹಾರಾಜ ಚಾಮರಾಜೇಂದ್ರ ಒಡೆಯರು 1882ರಲ್ಲಿ ಅಲ್ಲಿ ಸುಮಾರು 3,900 ಎಕರೆ ಕೊಟ್ಟರು.

ಈ ‘ಎಕರೆ’ ಇದೆಯಲ್ಲ, ಅದು ಇಂಗ್ಲಿಷಿನದು ಎಂಬುದೇ ನಮಗೆ ಮರೆತಿದೆ. ಪಹಣಿಯಲ್ಲಿ ಅಷ್ಟು ಬೇರೂರಿದೆ. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಅದು ಅಳತೆಯೇ ಆಗಿರಲಿಲ್ಲ, ಉತ್ತ ಹೊಲ ಎಂದಷ್ಟೇ ಅರ್ಥ. ಋಗ್ವೇದದಲ್ಲಿ ಬಯಲು ಎಂಬ ಅರ್ಥದಲ್ಲಿ ಬರುವ ‘ಅಜ್ರ’ ಇದರ ದಾಯಾದಿ. ಎರಡಕ್ಕೂ ಒಂದೇ ಮೂಲ. ಒಂದು ನೊಗದ ಎತ್ತು ದಿನಕ್ಕೆ ಉಳುವಷ್ಟು ನೆಲ ಎಂಬ ಲೆಕ್ಕ ಆಮೇಲೆ ಸೇರಿಕೊಂಡಿತು. ಹಿರಿಯರ ಬಾಯಲ್ಲಿ ಇನ್ನೂ ಉಳಿದಿರುವ ‘ಫರ್ಲಾಂಗು’ ಕೂಡ ಹೊಲದ್ದೇ: ನೇಗಿಲ ಸಾಲಿನ ಉದ್ದ, 660 ಅಡಿ. ಅದಕ್ಕೆ 66 ಅಡಿ ಅಗಲ ಕೂಡಿದರೆ ಸರಿಯಾಗಿ ಒಂದು ಎಕರೆ, ಅಂದರೆ ನಮ್ಮ 40 ಗುಂಟೆ.

ಕೋನಪ್ಪನ ಅಗ್ರಹಾರದ ಬಳಿ ರಾಜ್ಯ ಸರ್ಕಾರದ ಸಂಸ್ಥೆ ಕಿಯೋನಿಕ್ಸ್ ಎಲೆಕ್ಟ್ರಾನಿಕ್ಸ್ ಸಿಟಿ ಕಟ್ಟಿದ್ದು 332 ಎಕರೆಯಲ್ಲಿ. ಗಾಜಿನ ಕಟ್ಟಡಗಳ ನೆಲವನ್ನೂ ನಾವು ಎತ್ತಿನ ಲೆಕ್ಕದಲ್ಲೇ ಅಳೆಯುತ್ತೇವೆ! ನನಗಂತೂ ಇದು ಖುಷಿಯ ವಿಷಯ.

ನಮ್ಮ ಹಿಂದಿನವರ ಲೆಕ್ಕ ಬೇರೆ. ನೆಲವನ್ನು ಬಿತ್ತುವ ಬೀಜದಿಂದ ಅಳೆದು ಕೊಳಗದ ಗದ್ದೆ, ಖಂಡುಗದ ಗದ್ದೆ ಎಂದರು. ಆ ಮಾತು ಬಲ್ಲ ಹಿರಿಯರು ಮನೆಯಲ್ಲಿದ್ದರೆ, ನಿಮ್ಮ ಬಡಾವಣೆ ಎಷ್ಟು ಖಂಡುಗದ ನೆಲವಾಗಿತ್ತು ಎಂದು ಇವತ್ತೇ ಕೇಳಿ ಬರೆದಿಡಿ.