ವಾಕ್ಕಿನ ತಪಸ್ಸು: ಅಹಮದಾಬಾದಿನ ಒಂದು ನಿದರ್ಶನ

(ಸಚಿನ್‌ನಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)

॥ ಶ್ರೀ ಗುರುಭ್ಯೋ ನಮಃ ॥ ಹರಿಃ ಓಂ ॥



ಭಗವದ್ಗೀತೆಯ ಹದಿನೇಳನೆಯ ಅಧ್ಯಾಯದಲ್ಲಿ ಶ್ರೀಕೃಷ್ಣನು ತಪಸ್ಸನ್ನು ಶರೀರ, ವಾಕ್ಕು, ಮನಸ್ಸು ಎಂದು ಮೂರು ಬಗೆಯಾಗಿ ವಿಂಗಡಿಸುತ್ತಾನೆ. ವಾಕ್ಕಿನ ತಪಸ್ಸಿಗೆ ಹೇಳಿದ ಲಕ್ಷಣಗಳು ಸರ್ವವಿದಿತ. ಮಾತು ಕೇಳುವವರ ಮನಸ್ಸನ್ನು ಕಲಕಬಾರದು, ಸತ್ಯವಾಗಿರಬೇಕು, ಪ್ರಿಯವಾಗಿರಬೇಕು, ಹಿತವೂ ಆಗಿರಬೇಕು; ಜೊತೆಗೆ ಸ್ವಾಧ್ಯಾಯದ ಅಭ್ಯಾಸವಿರಬೇಕು. (ಸ್ವಾಧ್ಯಾಯವೆಂದರೆ ತನ್ನನ್ನು ತಾನು ಓದಿಕೊಳ್ಳುವುದು ಎಂದು ಈಚೆಗೆ ಕೆಲವರು ಬಿಡಿಸಿ ಹೇಳುವುದುಂಟು. ಕೇಳಲು ಚೆನ್ನಾಗಿದೆ, ಆದರೆ ಆ ಶಬ್ದಕ್ಕೆ ವೇದಾಭ್ಯಾಸವೆಂಬುದೇ ಅರ್ಥ.) ಈ ಗುಣಗಳಲ್ಲಿ ಒಂದೊಂದನ್ನೇ ಸಾಧಿಸುವುದು ಅಷ್ಟು ಕಷ್ಟವಲ್ಲ. ಸತ್ಯವನ್ನು ಒರಟಾಗಿ ಆಡುವವರೂ, ಪ್ರಿಯವನ್ನು ಸುಳ್ಳಾಗಿ ಆಡುವವರೂ ಎಲ್ಲ ಕಾಲದಲ್ಲಿಯೂ ಬೇಕಾದಷ್ಟು ಮಂದಿ ಇರುತ್ತಾರೆ. ಎಲ್ಲವೂ ಒಂದೇ ವಾಕ್ಯದಲ್ಲಿ ಕೂಡಿಬರಬೇಕೆಂಬಲ್ಲಿಯೇ ಅದು ತಪಸ್ಸಾಗುತ್ತದೆ.

ಇದಕ್ಕೆ ಪೂರ್ವಭಾವಿಯಾದ ಇನ್ನೊಂದು ಕೆಲಸವಿದೆ. ತಾನು ಯಾವುದನ್ನು ಬಿಡಲಾರೆ, ಯಾವುದನ್ನು ಬಿಟ್ಟುಕೊಡಬಲ್ಲೆ ಎಂಬ ನಿಶ್ಚಯವು ಆಡುವವನಿಗೇ ಇಲ್ಲದಿದ್ದರೆ ಮಾತು ಎಷ್ಟು ಮಧುರವಾದರೂ ಕೇಳುವವರಿಗೆ ಏನೂ ತಿಳಿಯದು. ಇದನ್ನು ಪರಿಶೀಲಿಸಲು ಇದೇ ಗುಜರಾತಿನ ನೆಲದಲ್ಲಿ, ಅಹಮದಾಬಾದಿನಲ್ಲಿ, 1918ರಲ್ಲಿ ನಡೆದ ಒಂದು ಪ್ರಸಂಗವು ಬಹಳ ಉಪಯುಕ್ತವಾಗಿದೆ.

ಅಂಬಾಲಾಲ್ ಸಾರಾಭಾಯಿ ಅಲ್ಲಿಯ ಪ್ರಮುಖ ಗಿರಣಿ ಮಾಲೀಕರು. ಅವರ ಅಕ್ಕ ಅನಸೂಯಾಬೆನ್. ಬಾಲ್ಯವಿವಾಹಕ್ಕೆ ಒಳಗಾಗಿ, ಆ ಬಂಧನದಿಂದ ಹೊರಬಂದು, ತಮ್ಮನ ನೆರವಿನಿಂದಲೇ 1912ರಲ್ಲಿ ಇಂಗ್ಲೆಂಡಿಗೆ ಹೋದವರು. ವೈದ್ಯಶಾಸ್ತ್ರವನ್ನು ಓದಬೇಕೆಂದಿದ್ದರೂ ಪ್ರಾಣಿಗಳನ್ನು ಕೊಯ್ಯುವುದು ತಮ್ಮ ಜೈನ ಸಂಸ್ಕಾರಕ್ಕೆ ಒಗ್ಗದೆಂದು ಆ ದಾರಿಯನ್ನು ಬಿಟ್ಟರು. ಹಿಂದಿರುಗಿ ಗಿರಣಿ ಕಾರ್ಮಿಕರ ಮಕ್ಕಳಿಗಾಗಿ ಶಾಲೆ ತೆರೆದರು. 1917ರಲ್ಲಿ ನಗರದಲ್ಲಿ ಪ್ಲೇಗ್ ಹರಡಿದಾಗ ಕಾರ್ಮಿಕರು ಊರು ಬಿಟ್ಟು ಹೋಗದಿರಲೆಂದು ಮಾಲೀಕರು ವಿಶೇಷ ಭತ್ಯೆ ಕೊಟ್ಟಿದ್ದರು. ರೋಗ ತಗ್ಗಿದ ಮೇಲೆ ಅದನ್ನು ನಿಲ್ಲಿಸಲು ಹೊರಟರು. ಯುದ್ಧಕಾಲದ ಬೆಲೆಯೇರಿಕೆಯಾದರೋ ಹಾಗೆಯೇ ಇತ್ತು. ಹೀಗೆ ಅಕ್ಕ ಕಾರ್ಮಿಕರ ಪಕ್ಷದಲ್ಲಿ, ತಮ್ಮ ಮಾಲೀಕರ ಪಕ್ಷದಲ್ಲಿ ಎದುರುಬದುರು ನಿಂತರು. ಇಬ್ಬರಿಗೂ ಆಪ್ತರಾದ ಗಾಂಧೀಜಿ ನಡುವೆ ಬಂದು ಕಾರ್ಮಿಕರ ಮಾರ್ಗದರ್ಶಕರಾದರು.

ಕಾರ್ಮಿಕರಲ್ಲಿ ಶೇಕಡಾ 50ರ ಹೆಚ್ಚಳದ ಮಾತಿತ್ತು. ಮಾಲೀಕರು 20ಕ್ಕೆ ಮೇಲೆ ಏರಲೊಲ್ಲರು. ಫೆಬ್ರವರಿ 22ರಂದು ಗಿರಣಿಗಳ ಬಾಗಿಲು ಮುಚ್ಚಿದವು. ಗಾಂಧೀಜಿ ಮತ್ತು ಸಂಗಡಿಗರು ಜೀವನವೆಚ್ಚವನ್ನೂ ಮುಂಬಯಿಯ ವೇತನವನ್ನೂ ವಿಚಾರಿಸಿ, ನ್ಯಾಯವಾದ ಮೊತ್ತ 35 ಎಂದು ನಿರ್ಣಯಿಸಿದರು. ನಮ್ಮವರೇ ಕೇಳಿದ 50 ಹೆಚ್ಚಾಯಿತು ಎಂದು ಮೊದಲು ತಮ್ಮವರಿಗೇ ಹೇಳಿ ಒಪ್ಪಿಸಿದರು. ಈ ಒಂದು ಹೆಜ್ಜೆಯಲ್ಲಿ ಇಡೀ ಪ್ರಸಂಗದ ಸಾರವಿದೆಯೆಂದರೆ ಅತಿಶಯವಲ್ಲ. ಎದುರಾಳಿಯೊಡನೆ ಸ್ಪಷ್ಟವಾಗಿ ಮಾತನಾಡುವುದಕ್ಕಿಂತ ತನ್ನವರೊಡನೆ ಸ್ಪಷ್ಟವಾಗಿ ಮಾತನಾಡುವುದು ದುಷ್ಕರ.

ಬಳಿಕ ಪ್ರತಿಜ್ಞೆ. ಶೇಕಡಾ 35 ದೊರೆಯುವವರೆಗೆ ಕೆಲಸಕ್ಕೆ ಹೋಗುವುದಿಲ್ಲ. ಆ ಅವಧಿಯಲ್ಲಿ ಗಲಭೆ, ಹೊಡೆದಾಟ, ಲೂಟಿ, ಆಸ್ತಿನಾಶ ಮಾಡುವುದಿಲ್ಲ. ಏನು ಬೇಕು, ಏನನ್ನು ಮಾಡೆವು ಎಂಬೆರಡೂ ಅದರಲ್ಲಿ ನಿಶ್ಚಿತವಾಗಿದ್ದವು. ಶಾಹಪುರ ದರವಾಜೆಯ ಹೊರಗೆ ಸಾಬರಮತಿಯ ದಡದ ಜಾಲಿಮರದ ಕೆಳಗೆ ಸಂಜೆ ಸಭೆ ಸೇರುತ್ತಿತ್ತು. ಅನಸೂಯಾಬೆನ್ ಅವರ ಹೆಸರಿನಲ್ಲಿ ಸರಳ ಗುಜರಾತಿಯ ಕರಪತ್ರಗಳು ಹೊರಡುತ್ತಿದ್ದವು. ಓದುಬಾರದವರಿಗಾಗಿ ಅವುಗಳನ್ನು ಓದಿ ಹೇಳುತ್ತಿದ್ದರು. ಮಾಲೀಕರನ್ನು ಹೀಗಳೆಯುವ ನುಡಿಗೆ ಅವುಗಳಲ್ಲಿ ಎಡೆಯಿರಲಿಲ್ಲ. ಹೋರಾಟದ ನಡುವೆಯೂ ಅಂಬಾಲಾಲ್ ಆಶ್ರಮಕ್ಕೆ ಊಟಕ್ಕೆ ಬರುತ್ತಿದ್ದರೆಂದೂ, ಅಕ್ಕನೇ ಬಡಿಸಲಿ ಎಂದು ಗಾಂಧೀಜಿ ಹೇಳುತ್ತಿದ್ದರೆಂದೂ ಚರಿತ್ರಕಾರರು ಬರೆದಿದ್ದಾರೆ. ಅಭಿಪ್ರಾಯದಲ್ಲಿ ಇಷ್ಟು ದೂರವಿದ್ದವರು ಎಲೆಯ ಮುಂದೆ ದೂರವಾಗಲಿಲ್ಲ.

ದಿನ ಕಳೆದಂತೆ ಹಸಿವು ಕಾಡಿತು. ಗಾಂಧೀಜಿಗೂ ಅನಸೂಯಾಬೆನ್‌ರಿಗೂ ಏನು, ಕಾರಿನಲ್ಲಿ ಬರುತ್ತಾರೆ, ಹೊಟ್ಟೆತುಂಬ ಉಣ್ಣುತ್ತಾರೆ ಎಂಬ ಮಾತು ಕಾರ್ಮಿಕರ ಕೇರಿಯಿಂದ ಕೇಳಿಬಂದಿತು. ಅದನ್ನು ಗಾಂಧೀಜಿ ನಿಂದೆಯೆಂದು ತಳ್ಳಿಹಾಕಲಿಲ್ಲ. ನುಡಿಗೂ ನಡೆಗೂ ನಡುವೆ ಅಂತರ ಕಂಡವರ ನ್ಯಾಯವಾದ ಪ್ರಶ್ನೆಯೆಂದೇ ತಿಳಿದರು. ಮಾರ್ಚ್ 15ರಂದು ಉಪವಾಸ ಆರಂಭಿಸಿದರು. 18ರಂದು ಒಪ್ಪಂದವಾಯಿತು. ಮೊದಲ ದಿನಕ್ಕೆ ಶೇಕಡಾ 35, ಎರಡನೆಯ ದಿನಕ್ಕೆ 20, ಮೂರನೆಯ ದಿನದಿಂದ ಮಧ್ಯಸ್ಥರ ತೀರ್ಪಿನವರೆಗೆ ಇಪ್ಪತ್ತೇಳೂವರೆ! ನಗು ಬರಿಸುವ ಲೆಕ್ಕವೇ ಸರಿ. ಆದರೆ ಎರಡೂ ಪಕ್ಷಗಳ ಮಾತು ಅಕ್ಷರಶಃ ಉಳಿಯಿತು. ಮಧ್ಯಸ್ಥರಾದ ಪ್ರೊಫೆಸರ್ ಆನಂದಶಂಕರ ಧ್ರುವ ಅವರು ಅದೇ ವರ್ಷ 35ನ್ನೇ ಎತ್ತಿಹಿಡಿದರು.

ಆ ಉಪವಾಸವು ದೋಷರಹಿತವಾಗಿರಲಿಲ್ಲವೆಂದು ಗಾಂಧೀಜಿಯೇ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾರೆ. ಮಾಲೀಕರು ಸ್ನೇಹಿತರು; ಸ್ನೇಹಿತನ ಹಸಿವನ್ನು ನೋಡಲಾರದೆ ಮಣಿದರೆ ಅದು ಮಾತಿಗೆ ಒಪ್ಪಿದಂತಾಗದು. ಕುಟುಂಬಗಳಲ್ಲಿ ಇಂತಹ ಒತ್ತಡ ಅಪರೂಪವೇನಲ್ಲ. ಮಗನು ಬೇರೆ ಕೆಲಸ ಹಿಡಿಯುತ್ತೇನೆಂದಾಗ, ಮಗಳು ಇನ್ನೂ ಓದುತ್ತೇನೆಂದಾಗ ತಾಯಿ ಊಟ ಬಿಟ್ಟು ಕೂಡುವುದು, ತಂದೆ ವಾರಗಟ್ಟಲೆ ಮಾತು ಬಿಡುವುದು ಎಲ್ಲರೂ ಕಂಡದ್ದೇ. ಅಲ್ಲಿ ಗೆಲುವು ದೊರೆಯಬಹುದು. ಮಗುವಿನ ಮನಸ್ಸಿನಲ್ಲಿ ಏನಿತ್ತೆಂಬುದು ಮಾತ್ರ ಎಂದಿಗೂ ತಿಳಿಯದೆ ಹೋಗುತ್ತದೆ. ಹದಿನೆಂಟು ಅಧ್ಯಾಯಗಳನ್ನು ಉಪದೇಶಿಸಿದ ಭಗವಂತನೇ ಕೊನೆಯಲ್ಲಿ ಅರ್ಜುನನಿಗೆ, ಇದನ್ನೆಲ್ಲ ವಿಮರ್ಶಿಸಿ ಇಷ್ಟಬಂದಂತೆ ಮಾಡು ಎಂದನು. ಸರ್ವೋತ್ತಮನಾದವನು ಕೊಟ್ಟ ಅವಕಾಶವನ್ನು ಮನೆಯ ಹಿರಿಯರು ಕೊಡಬಾರದೆ?

ಇನ್ನು ಭಾಷೆಯ ವಿಷಯ. ಅಶೋಕವನದಲ್ಲಿ ಮರದ ಮೇಲೆ ಕುಳಿತ ಹನುಮಂತದೇವರು ಸೀತಾದೇವಿಯರೊಡನೆ ಯಾವ ನುಡಿಯಲ್ಲಿ ಮಾತನಾಡಬೇಕೆಂದು ಆಲೋಚಿಸಿದ ಪ್ರಸಂಗ ವಾಲ್ಮೀಕಿರಾಮಾಯಣದ ಸುಂದರಕಾಂಡದಲ್ಲಿದೆ. ವಿದ್ವಾಂಸರಂತೆ ಸಂಸ್ಕೃತದಲ್ಲಿ ನುಡಿದರೆ ರಾವಣನೇ ಬಂದನೆಂದು ದೇವಿ ಹೆದರಬಹುದು. ಆದುದರಿಂದ ಸಾಮಾನ್ಯ ಮನುಷ್ಯರ ಮಾತೇ ತಕ್ಕುದೆಂದು ನಿರ್ಧರಿಸಿದರು. ನವವ್ಯಾಕರಣಪಂಡಿತರಾದವರು ಹೀಗೆ ಯೋಚಿಸಿದರು. ಸಂಸ್ಕೃತದಲ್ಲಿ ಮಹಾಗ್ರಂಥಗಳನ್ನು ರಚಿಸಿದ ಶ್ರೀ ವಾದಿರಾಜಗುರುಸಾರ್ವಭೌಮರು ಮದುವೆಮನೆಯ ಹೆಂಗಸರಿಗಾಗಿ ಕನ್ನಡದಲ್ಲಿ ಲಕ್ಷ್ಮೀಶೋಭಾನವನ್ನು ಅನುಗ್ರಹಿಸಿದ್ದೂ ಇದೇ ಹಾದಿಯಲ್ಲಿ.

ಸಚಿನ್‌ನ ಕೈಗಾರಿಕಾ ವಸಾಹತಿನಲ್ಲಿ, ಸೂರತ್ತಿನ ಕಚೇರಿಗಳಲ್ಲಿ ದುಡಿಯುವ ಕನ್ನಡಿಗ ತರುಣರಿಗೆ ಇದು ದಿನನಿತ್ಯದ ಪ್ರಶ್ನೆ. ಏಕಾದಶಿಯಂದು ಸಹೋದ್ಯೋಗಿ ತಿಂಡಿಯ ತಟ್ಟೆ ಚಾಚಿದಾಗ ಸಂಕೋಚದಿಂದ, ಹೊಟ್ಟೆ ಸರಿಯಿಲ್ಲ ಎಂದು ಬಿಡುವುದು ಸುಲಭ. ಸಾಧನೆಯ ದಿನದಂದೇ ಸುಳ್ಳು! ಹದಿನೈದು ದಿನಕ್ಕೊಮ್ಮೆ ತಪ್ಪದೆ ಕೆಡುವ ಹೊಟ್ಟೆಗೆ ಆ ಸ್ನೇಹಿತನು ಔಷಧಿ ಹುಡುಕಿ ತರುವುದೂ ಉಂಟು. ಇವತ್ತು ಅಗಿಯಾರಸ್ ಎಂದು ಅವನದೇ ನುಡಿಯಲ್ಲಿ ಹೇಳಿದರೆ ವಿವರಣೆಯೇ ಬೇಡ. ಅವನ ಮನೆಯಲ್ಲಿ ಅವನ ತಾಯಿಯೂ ಅದನ್ನು ಆಚರಿಸುತ್ತಿರಬಹುದು. ಬಹುಶಃ ಮರುಗಳಿಗೆಯಲ್ಲಿ ಅವನು ಪ್ರೀತಿಯಿಂದ ಫರಾಳಿ ಚೇವಡೊ ತಂದಿಡುತ್ತಾನೆ. ಮಾಧ್ವರ ಏಕಾದಶಿಯಲ್ಲಿ ಅದಕ್ಕೂ ಅವಕಾಶವಿಲ್ಲವೆಂಬುದನ್ನು ಅವನ ಮನಸ್ಸು ನೋಯದಂತೆ, ಅವನ ತಾಯಿಯ ವ್ರತ ಕಡಿಮೆಯೆಂಬ ಧ್ವನಿ ಬಾರದಂತೆ ತಿಳಿಸಬೇಕಾದದ್ದು ಆಗ.

॥ ಶ್ರೀಕೃಷ್ಣಾರ್ಪಣಮಸ್ತು ॥